ಚಪ್ಪಟೆಯಾದ ರಜಾಯಿ: ಹಿಂಜಿಸಬೇಕೋ, ಬಿಸಿಲೇ ಸಾಕೋ?

ಚಳಿ ಶುರುವಾಗುತ್ತಿದ್ದಂತೆ ವಿಜಯಪುರದಲ್ಲಿ ಹತ್ತಿ ಹಿಂಜುವ ಅಂಗಡಿಗಳಿಗೆ ಗಾದಿ, ರಜಾಯಿ, ತಲೆದಿಂಬುಗಳು ಬರತೊಡಗುತ್ತವೆ. ಹೀಗೆ ಬರುವುದರಲ್ಲಿ ಕೆಲವಕ್ಕೆ ಹಿಂಜುವ ಅಗತ್ಯವೇ ಇರುವುದಿಲ್ಲ, ಎರಡು ದಿನ ಮಾಳಿಗೆ ಮೇಲೆ ಬಿಸಿಲು ಕಂಡರೆ ಸಾಕು. ಇನ್ನು ಕೆಲವನ್ನು ಎಷ್ಟು ಹಿಂಜಿಸಿದರೂ ಕೊಟ್ಟ ದುಡ್ಡು ದಂಡ. ಉಳಿದವಕ್ಕೆ ಮಾತ್ರ ಈ ಸೇವೆಯಷ್ಟು ಒಳ್ಳೆಯದು ಬೇರೆ ಇಲ್ಲ: ಹತ್ತು ವರ್ಷ ಹೊದ್ದ ರಜಾಯಿ ಕೂಡ ಹೊಸದರಂತೆ ಉಬ್ಬಿಕೊಂಡು ಮನೆಗೆ ಮರಳುತ್ತದೆ. ಆದ್ದರಿಂದ ಅಂಗಡಿಗೆ ಒಯ್ಯುವ ಮೊದಲು ನಿಮ್ಮ ರಜಾಯಿ ಇದರಲ್ಲಿ ಯಾವ ಗುಂಪಿನದು ಎಂದು ಮನೆಯಲ್ಲೇ ನೋಡಿಕೊಳ್ಳಿ.

ರಜಾಯಿಯ ಬಿಸುಪು ಇರುವುದು ಅರಳೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಲ್ಲಿ. ಹತ್ತಿಯ ಎಳೆ ತಿರುಚಿದ ಪಟ್ಟಿಯಂತಿರುತ್ತದೆ, ಆ ತಿರುಚಿನಿಂದಲೇ ಒಂದು ಎಳೆ ಇನ್ನೊಂದನ್ನು ದೂರ ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಮೈಯ ಬೆವರು, ಗಾಳಿಯ ತೇವ ಸೇರಿದಾಗ ಎಳೆ ಮೆತ್ತಗಾಗಿ, ಭಾರಕ್ಕೆ ಒತ್ತಿಕೊಂಡು, ಹಾಗೇ ಕೂತುಬಿಡುತ್ತದೆ. ಬರೀ ತೇವದಿಂದ ಕುಗ್ಗಿದ್ದರೆ ಬಿಸಿಲಿಗೆ ಏಳುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದು ಹಪ್ಪಳದಂತಾಗಿದ್ದರೆ ಬಿಸಿಲಿಗೂ ಜಗ್ಗುವುದಿಲ್ಲ, ಅಂಥದ್ದನ್ನು ಹಿಂಜಲೇಬೇಕು. ಎಳೆಯೇ ಮುರಿದು ಪುಡಿಯಾಗಿದ್ದರೆ ಯಾವ ಮಷೀನೂ ಅದನ್ನು ಉದ್ದ ಮಾಡಲಾರದು.

ಪರೀಕ್ಷೆ ಹೀಗೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ರಜಾಯಿಯನ್ನು ಹೊರಸಿನ (ಹಗ್ಗದ ಮಂಚದ) ಮೇಲೆ ಹರವಿ, ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಕೆಳಗಿನಿಂದಲೂ ಗಾಳಿ ಆಡುವುದರಿಂದ ನೆಲಕ್ಕಿಂತ ಹೊರಸು ಮೇಲು. ಸಂಜೆ ಅಂಗೈಯಿಂದ ಒತ್ತಿ ಬಿಡಿ. ನಿಧಾನವಾಗಿಯಾದರೂ ಮೇಲೆದ್ದರೆ ಅಂಗಡಿಗೆ ಒಯ್ಯಬೇಡಿ. ಏಳದಿದ್ದರೆ ಒಂದು ಮೂಲೆಯ ಹೊಲಿಗೆಯನ್ನು ನಾಲ್ಕು ಬೆರಳಗಲ ಬಿಚ್ಚಿ ಒಂದು ಚಿಟಿಕೆ ಅರಳೆ ತೆಗೆದು, ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆಗಳು ಜಾರುತ್ತ, ಕಚ್ಚಿಕೊಳ್ಳುತ್ತ ಬಿಟ್ಟರೆ ಒಳ್ಳೆಯದು. ಥಟ್ಟನೆ ತುಂಡಾಗಿ ಬೆರಳಿಗೆ ಧೂಳು ಮೆತ್ತಿದರೆ ಅದು ಮುಗಿದ ಅರಳೆ. ಹಾಗೇ ಒಂದೆರಡು ಎಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ಅದನ್ನು ಹತ್ತಿ ಹಿಂಜುವ ಮಷೀನಿಗೆ ಕೊಡಲೇಬಾರದು. ಬೂರುಗದ ಹತ್ತಿಯನ್ನೂ ಕೊಡಬೇಡಿ. ಅದರ ಎಳೆ ನುಣುಪು, ಸುಲಭವಾಗಿ ಮುರಿಯುವಂಥದ್ದು, ಮಷೀನಿನ ಹಲ್ಲಿಗೆ ಸಿಕ್ಕರೆ ಪುಡಿ. ಅದಕ್ಕೆ ಬಿಸಿಲು, ಕೈಯಿಂದ ಬಿಡಿಸುವುದು, ಇಷ್ಟೇ ಉಪಚಾರ.

ಇನ್ನು ಸೇವೆಯ ಮಾತು. ಈ ಕಸುಬಿನಿಂದಲೇ ಪಿಂಜಾರ, ನದಾಫ ಎಂಬ ಸಮುದಾಯಗಳ ಹೆಸರು ಬಂದಿವೆ, ಮತ್ತು ಕೈಬಿಲ್ಲಿನ ಕೆಲಸ ನೋಡಿದವರಿಗೆ ಈ ಕಸುಬಿಗೆ ಗೌರವ ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಿಲ್ಲಿನ ತಂತಿಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಮರದ ಗುಂಡಿನಿಂದ ಬಡಿದಾಗ ತಂತಿಯ ಕಂಪನವೇ ಎಳೆಗಳನ್ನು ಬಿಡಿಸುತ್ತದೆ. ಯಾವುದೂ ಎಳೆಯನ್ನು ಹಿಡಿದು ಜಗ್ಗುವುದಿಲ್ಲ. ಎಳೆ ಮುರಿಯುವುದು ಕಡಿಮೆ, ಧೂಳು ತಾನೇ ಕೆಳಗೆ ಉದುರುತ್ತದೆ, ಅರಳೆ ಹಗುರಾಗಿ ಹಾರುತ್ತದೆ. ಹಳೆಯ, ಸೂಕ್ಷ್ಮವಾದ ಅರಳೆಗೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ತೊಡಕೆಂದರೆ ವೇಳೆ ಬಹಳ ಹಿಡಿಯುತ್ತದೆ, ಮಾಡುವವರೂ ಕಡಿಮೆಯಾಗಿದ್ದಾರೆ. ನಿಮ್ಮ ಊರಲ್ಲಿ ಇನ್ನೂ ಒಬ್ಬರಿದ್ದರೆ ಮಗುವಿನ ಹಾಸಿಗೆ, ಎಳೆ ದಣಿದ ರಜಾಯಿ ಅವರ ಕೈಗೇ ಕೊಡಿ.

ಮಷೀನಿನ ಕೆಲಸ ಬೇರೆ. ಹಲ್ಲುಗಳಿರುವ ಉರುಳೆ ಅರಳೆಯನ್ನು ಕಿತ್ತು, ಬಿಡಿಸಿ, ಇನ್ನೊಂದು ಕಡೆ ಚೆಲ್ಲುತ್ತದೆ. ಒಂದು ರಜಾಯಿಯ ಅರಳೆ ನೋಡನೋಡುತ್ತಿದ್ದಂತೆ ಮುಗಿಯುತ್ತದೆ. ಎಳೆ ಇನ್ನೂ ಗಟ್ಟಿಯಿರುವ ಅರಳೆಗೆ ಇದು ಧಾರಾಳವಾಗಿ ಸಾಕು. ಗಾದಿಗಂತೂ ಇದೇ ಸರಿ, ಏಕೆಂದರೆ ಒಬ್ಬರು ಮಲಗುವ ಗಾದಿಯಲ್ಲಿ ಹತ್ತು ಕಿಲೋ ಆಸುಪಾಸು ಅರಳೆ ಇರುತ್ತದೆ. ಆದರೆ ಫಲ ಕೆಡುವುದು ಮೂರು ಕಡೆ, ಮೂರನ್ನೂ ನೀವು ತಪ್ಪಿಸಬಹುದು. ಮೊದಲನೆಯದು ತೇವ. ಹಸಿ ಅರಳೆ ಉರುಳೆಗೆ ಸುತ್ತಿಕೊಳ್ಳುತ್ತದೆ, ಸಾಸಿವೆಯಂಥ ಸಣ್ಣ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆಂದೂ ಬಿಡುವುದಿಲ್ಲ. ಹಿಂದಿನ ದಿನ ಪೂರ್ತಿ ಬಿಸಿಲಿಗೆ ಹಾಕಿ ಒಯ್ಯಿರಿ. ಎರಡನೆಯದು ಅತಿಯಾಗಿ ಹಿಂಜುವುದು. ಒಂದು ಸಲ ಬಿಡಿಸಲು, ಇನ್ನೊಂದು ಸಲ ಹದಕ್ಕೆ, ಅಷ್ಟೇ. ಮೂರನೆಯ ಸಲಕ್ಕೆ ಎಳೆ ಮುರಿಯತೊಡಗುತ್ತದೆ. ಆ ದಿನ ಚೆನ್ನಾಗಿ ಉಬ್ಬಿದಂತೆ ಕಂಡರೂ ಒಂದೇ ಚಳಿಗಾಲದಲ್ಲಿ ಕುಸಿಯುತ್ತದೆ. "ಅಣ್ಣಾರ, ಎರಡ ಸಲ ಸಾಕ್ರಿ, ಮೂರನೇದು ಬ್ಯಾಡ್ರಿ" ಎಂದರೆ ಕಸುಬು ಬಲ್ಲವರು ಬೇಸರ ಪಡುವುದಿಲ್ಲ. ಮೂರನೆಯದು ಹಿಂದಿನ ಗಿರಾಕಿಯ ಮಾಲು. ಮಷೀನಿನಲ್ಲಿ ಬಣ್ಣದ ಚಿಂದಿ ಅರಳೆ ಉಳಿದಿದ್ದರೆ ನಿಮ್ಮದರಲ್ಲಿ ಬೆರೆಯುತ್ತದೆ. ಉರುಳೆ, ಬುಡ ಎರಡನ್ನೂ ಸ್ವಚ್ಛ ಮಾಡಿಸಿ, ಆಮೇಲೆ ಹಾಕಿಸಿ.

ತೂಕ ಮಾಡದೆ ಕೊಡಬೇಡಿ. ಅರಳೆಯನ್ನು ಬಟ್ಟೆಯಿಂದ ತೆಗೆದ ಮೇಲೆ ಒಮ್ಮೆ, ಹಿಂಜಿದ ಮೇಲೆ ಒಮ್ಮೆ. ಎರಡೂವರೆ ಕಿಲೋದಲ್ಲಿ ಸ್ವಲ್ಪ ಧೂಳಾಗಿ ಹೋಗುವುದು ಸಹಜ, ಒಂದು ಕಿಲೋ ಮಾಯವಾಗುವುದು ಸಹಜವಲ್ಲ. ಹೋದಷ್ಟಕ್ಕೆ ಹೊಸ ಅರಳೆ ಸೇರಿಸಿ. ಮೂರು ಪಾಲು ಹಳೆಯದಕ್ಕೆ ಒಂದು ಪಾಲು ಹೊಸದು ಬೆರೆತರೆ ಉಬ್ಬು ಹೆಚ್ಚು ದಿನ ನಿಲ್ಲುತ್ತದೆ. ತುಂಬಲು ನಯವಾದ ಉದ್ದ ಎಳೆಯ ಹತ್ತಿ ಬೇಕಿಲ್ಲ. ಒರಟಾದ ಗಿಡ್ಡ ಎಳೆಯ ಜವಾರಿ ಹತ್ತಿ ಸ್ಪ್ರಿಂಗಿನಂತೆ ಮೇಲೇಳುತ್ತದೆ. ಅದರಲ್ಲಿ ಬೀಜದ ಚೂರು ಇರದಂತೆ ನೋಡಿಕೊಳ್ಳಿ. ಬೀಜದ ಎಣ್ಣೆ ಬಟ್ಟೆಗೆ ಕಲೆ ಮಾಡುತ್ತದೆ, ಇಲಿಯನ್ನೂ ಕರೆಯುತ್ತದೆ. ದರ ಕೇಳುವಾಗ ಹಿಂಜುವ ಕೂಲಿ, ಹೊಸ ಅರಳೆ, ಬಟ್ಟೆ, ಹೊಲಿಗೆ ಬೇರೆಬೇರೆಯಾಗಿ ಹೇಳಿಸಿಕೊಳ್ಳಿ.

ವಾಹನದ ಮೇಲೆ ಮಷೀನು ಇಟ್ಟುಕೊಂಡು ಓಣಿಗೆ ಬಂದು ಮನೆ ಮುಂದೆಯೇ ಹಿಂಜಿಕೊಡುವವರೂ ಇದ್ದಾರೆ. ಕಣ್ಣೆದುರೇ ಕೆಲಸ ಆಗುವುದು ಇದರ ಲಾಭ. ಹೊಲಿಗೆ ಅವಸರದ್ದಾಗುವುದು ನಷ್ಟ. ನನ್ನ ಲೆಕ್ಕದಲ್ಲಿ ರಜಾಯಿಯ ಆಯುಷ್ಯ ನಿರ್ಧಾರವಾಗುವುದು ಹಿಂಜುವುದಕ್ಕಿಂತ ಹೊಲಿಗೆಯಲ್ಲಿ. ಸಾಲುಗಳ ನಡುವೆ 4ರಿಂದ 5 ಇಂಚು ಇರಲಿ. ಇದಕ್ಕಿಂತ ದೂರವಾದರೆ ಅರಳೆ ಜರಿದು ಕಾಲಕಡೆ ಗುಡ್ಡೆಯಾಗುತ್ತದೆ, ಹತ್ತಿರವಾದರೆ ಉಬ್ಬಲು ಜಾಗವೇ ಉಳಿಯುವುದಿಲ್ಲ. ದಾರವನ್ನು ಬಿಗಿಯಾಗಿ ಎಳೆದರೆ ಹಿಂಜಿದ್ದೆಲ್ಲ ವ್ಯರ್ಥ. ಒಬ್ಬರ ರಜಾಯಿಗೆ ಒಂದೂವರೆಯಿಂದ ಎರಡು ಕಿಲೋ, ಇಬ್ಬರದಕ್ಕೆ ಎರಡೂವರೆಯಿಂದ ಮೂರು. ಇದಕ್ಕಿಂತ ಹೆಚ್ಚು ತುಂಬಿಸಿದರೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಅರಳೆಯನ್ನು ಎರಡು ಪದರವಾಗಿ, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹರವಿಸಿ. ಮೂಲೆಗಳು ತೆಳ್ಳಗಿಲ್ಲವೆಂದು ಕೈಯಾಡಿಸಿ ನೋಡಿ. ಹೊದಿಕೆಯ ಬಟ್ಟೆ ಒತ್ತಾಗಿ ನೇಯ್ದ ಹಗುರ ಹತ್ತಿಯದಿರಲಿ, ಹೊಲಿಯುವ ಮೊದಲೇ ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿದ್ದಾಗಿರಲಿ. ಆಮೇಲೆ ಬಟ್ಟೆ ಕುಗ್ಗಿದರೆ ರಜಾಯಿ ಮುದುಡುತ್ತದೆ.

ಪಾಲಿಯೆಸ್ಟರ್ ತುಂಬಿದ ಕಂಫರ್ಟರುಗಳಿಗೆ ಲಾಂಡ್ರಿಯ ದೊಡ್ಡ ಡ್ರೈಯರೇ ಹಿಂಜುವ ಮಷೀನು. ಇಬ್ಬರ ಕಂಫರ್ಟರನ್ನು ಬಟ್ಟೆ ಒಗೆಯುವ 6 ಕಿಲೋದ ಮನೆ ಮಷೀನಿಗೆ ತುರುಕಬೇಡಿ, ಒಳಗೆ ಹೊರಳಲು ಜಾಗವಿಲ್ಲದೆ ಒಂದೇ ಕಡೆ ಗಂಟಾಗುತ್ತದೆ. ದ್ರವ ಸಾಬೂನು ಎಂದಿನ ಅರ್ಧದಷ್ಟು, ಜಾಲಿಸುವುದು ಒಂದು ಸಲ ಹೆಚ್ಚು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಪೂರ್ತಿ ಬಿಡದೆ ಎಳೆಗೆ ಅಂಟಿ ಬಿರುಸಾಗುತ್ತದೆ. ಡ್ರೈಯರಿನಲ್ಲಿ ಕಡಿಮೆ ಬಿಸಿ, ಜೊತೆಗೆ ಎರಡು ಮೂರು ಸ್ವಚ್ಛ ಟೆನ್ನಿಸ್ ಚೆಂಡು, ಅರ್ಧ ಗಂಟೆಗೊಮ್ಮೆ ತೆಗೆದು ಕೊಡವುವುದು. ಬಿಸಿ ಹೆಚ್ಚಾದರೆ ಎಳೆಯ ಸುರುಳಿಯೇ ನೇರವಾಗಿ ಉಬ್ಬು ಶಾಶ್ವತವಾಗಿ ಹೋಗುತ್ತದೆ. ಡ್ರೈಯರ್ ಇಲ್ಲದವರು ಒಂದೇ ಹಗ್ಗಕ್ಕೆ ನೇತು ಹಾಕದೆ ಹೊರಸಿನ ಮೇಲೆ ಹರವಿ, ಅರೆ ಒಣಗಿದಾಗ ಗಂಟುಗಳನ್ನು ಬೆರಳಿನಿಂದ ಬಿಡಿಸಬೇಕು.

ಹತ್ತಿ ರಜಾಯಿಯನ್ನು ಮಾತ್ರ ಎಂದೂ ನೀರಿಗೆ ಹಾಕಬೇಡಿ. ಗವಸು ಹಾಕಿ, ಗವಸನ್ನೇ ಒಗೆಯಿರಿ. ಹದಿನೈದು ದಿನಕ್ಕೊಮ್ಮೆ ಬಿಸಿಲು, ಚಪ್ಪಟೆ ಬೆತ್ತದಿಂದ ಹಗುರವಾಗಿ ಬಡಿಯುವುದು. ಜೋರಾಗಿ ಬಡಿದರೆ ಧೂಳಿನ ಜೊತೆ ಎಳೆಯೂ ಮುರಿಯುತ್ತದೆ. ಬಿಸಿಲಿಂದ ತಂದ ಕೂಡಲೇ ಮಡಚದೆ ಒಂದು ಗಂಟೆ ಆರಲು ಬಿಡಿ. ಬೆಳಗಾವಿ, ಖಾನಾಪುರದ ಕಡೆಯವರಿಗೆ ಮಳೆಗಾಲದಲ್ಲಿ ಈ ಬಿಸಿಲು ಸಿಗುವುದಿಲ್ಲ, ಅವರು ಮೇ ತಿಂಗಳಲ್ಲೇ ಚೆನ್ನಾಗಿ ಒಣಗಿಸಿ ಕಟ್ಟಿಡುವುದು ಒಳ್ಳೆಯದು. ಕಟ್ಟುವಾಗ ಹಗ್ಗದಿಂದ ಬಿಗಿಯಬಾರದು, ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲವೂ ಬೇಡ. ಹಳೆಯ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಒಣಗಿದ ಬೇವಿನ ಎಲೆ ಇಟ್ಟು, ಟ್ರೇಜರಿಯ (ಕಪಾಟಿನ) ಮೇಲಿನ ಅರೆಯಲ್ಲಿ ಮೇಲೇನೂ ಹೇರದೆ ಇಡಿ. ಎಳೆ ಮಕ್ಕಳು ಹೊದೆಯುವುದಕ್ಕೆ ನಾಫ್ತಲೀನ್ ಗುಳಿಗೆ ಹಾಕಲೇಬೇಡಿ. ಕೆಲವು ಶಿಶುಗಳಲ್ಲಿ ಅದರ ಆವಿ ರಕ್ತಕಣಗಳನ್ನು ಒಡೆಯುತ್ತದೆ.

ಕೌದಿಯನ್ನು ಹಿಂಜಲು ತರುವವರೂ ಇದ್ದಾರೆ. ಅದರೊಳಗೆ ಅರಳೆಯೇ ಇಲ್ಲ. ಇರುವುದು ಹಳೆಯ ಇಳಕಲ್ ಸೀರೆ, ಧೋತರದ ಪದರಗಳು. ಅದು ಉಬ್ಬುವುದೂ ಇಲ್ಲ, ಉಬ್ಬಬೇಕಾಗಿಯೂ ಇಲ್ಲ. ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಬಿಟ್ಟುಹೋದ ಹೊಲಿಗೆ ಹಾಕಿಸಿದರೆ ಆಯಿತು.