ಫಾರ್ಮ್ ಹಂಚೋದಾ, ಕೂತು ಮಾತಾಡ್ಸೋದಾ?
ಇಂಗ್ಲಿಷ್ ಬಗ್ಗೆ ಮಕ್ಕಳ ಮನಸಲ್ಲಿ ಏನಿದೆ ಅಂತ ಎಂಎಡ್ ಪ್ರಾಜೆಕ್ಟ್ ಮಾಡೋರಿಗೆ ಮೊದಲ್ನೇ ತಲೆನೋವೇ ಇದು.

ಫಾರ್ಮ್‌ಗೆ ಬಳಸೋ ಲೈಕರ್ಟ್ ಸ್ಕೇಲ್ 1932ರಿಂದ ಇದೆ, "ಪೂರ್ತಿ ಒಪ್ತೀನಿ"ಯಿಂದ "ಒಪ್ಪೋದೇ ಇಲ್ಲ"ದವರೆಗೆ ಐದು ಮನೆ, ಟಿಕ್ ಹಾಕಿದ್ರಾಯ್ತು. 200 ಮಕ್ಕಳದ್ದು ಎರಡೇ ದಿನದಲ್ಲಿ ಮುಗಿಯತ್ತೆ, ಕನ್ನಡ ಮೀಡಿಯಂ ಇಂಗ್ಲಿಷ್ ಮೀಡಿಯಂ ಸರಾಸರಿ ಹೋಲಿಸ್ಬೋದು, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದ್ತಾವೆ ಅಂತ ತೋರ್ಸೋ ಅಂಕಿ, ಕ್ರಾನ್‌ಬಾಕ್ ಆಲ್ಫಾನೂ ತೆಗೀಬೋದು (ಅದಿಲ್ದಿದ್ರೆ ಗೈಡ್‌ಗೆ ಸಮಾಧಾನ ಇರಲ್ಲ ಬಿಡಿ).

ಆದ್ರೆ ತೀರ್ಥಹಳ್ಳಿ ಕಡೆ ಒಂದು ಶಾಲೇಲಿ ನಾನು ಫಾರ್ಮ್ ಕೊಟ್ಟಾಗ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ರು, "ಇಂಗ್ಲಿಷ್ ಕ್ಲಾಸ್ ಇಷ್ಟ" ಅನ್ನೋದಕ್ಕೆ ಎಲ್ರದ್ದೂ ಪೂರ್ತಿ ಒಪ್ಪಿಗೆ. ಅದ್ರಲ್ಲೇ ಒಬ್ಳು, ಮನೇಲಿ ಕೊಂಕಣಿ ಶಾಲೇಲಿ ಕನ್ನಡ, ಬಿಸಿಯೂಟದ ಅನ್ನ ಸಾರು ಕಲಸ್ತಾ "ಓದಿದ್ರೆ ಅರ್ಥ ಆಗತ್ತೆ ಮಿಸ್, ಬಾಯಿ ಬಿಟ್ರೆ ನಗ್ತಾರೆ" ಅಂದ್ಲು. ಐದು ಮನೇಲಿ ಇದಕ್ಕೆ ಜಾಗ ಎಲ್ಲಿದೆ?

ಮಾತಾಡ್ಸೋದ್ರ ಕಷ್ಟ ಅಂದ್ರೆ ಟೈಮು, ಒಂದು ಗಂಟೆ ರೆಕಾರ್ಡಿಂಗ್ ಟೈಪ್ ಮಾಡಕ್ಕೆ ಅರ್ಧ ದಿನ ಹೋಗತ್ತೆ, ಅದೂ ಜುಲೈನಲ್ಲಾದ್ರೆ ಹೆಂಚಿನ ಮೇಲೆ ಬೀಳೋ ಮಳೆ ಬಿಟ್ಟು ಬೇರೇನೂ ಕೇಳ್ಸಲ್ಲ.

ಆರು ತಿಂಗಳಿದ್ರೆ ಮೊದ್ಲು ಹತ್ತು ಮಕ್ಕಳ ಹತ್ರ ಮಾತಾಡಿ, ಅವ್ರ ಮಾತಲ್ಲೇ ಪ್ರಶ್ನೆ ಬರೆದು ಆಮೇಲೆ ಫಾರ್ಮ್ ಹಂಚಿ. ಎರಡೇ ತಿಂಗಳಾ? ಫಾರ್ಮೇ ಸರಿ, ಮೇಷ್ಟ್ರನ್ನ ಮಾತ್ರ ಟೀ ಕುಡಿಯಕ್ಕೆ ಕಳ್ಸಿ.