ಅಮ್ಮನಿಗೆ ಎರಡು ಹೆಸರು, ಅರ್ಜಿಯಲ್ಲಿ ಬರೆದದ್ದು ಒಂದೇ

2023ರ ಮಾರ್ಚ್‌ನಲ್ಲಿ ಅಮೆರಿಕದ ವಲಸೆ ಇಲಾಖೆಯಿಂದ ನನಗೊಂದು ಕಾಗದ ಬಂತು. ಅದರ ತಿರುಳು ಇಷ್ಟು: ನಿಮ್ಮ ಜನನ ಪ್ರಮಾಣಪತ್ರದಲ್ಲಿ ತಾಯಿ ಎಂದು ಇರುವ ಹೆಸರೇ ಬೇರೆ, ನೀವು ಗ್ರೀನ್ ಕಾರ್ಡ್ ಕೇಳುತ್ತಿರುವವರ ಹೆಸರೇ ಬೇರೆ. ಇಬ್ಬರೂ ಒಬ್ಬರೇ ಎನ್ನುವುದಕ್ಕೆ ಪುರಾವೆ ಕೊಡಿ. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತೇ ಆಡಲಿಲ್ಲ. ಆಮೇಲೆ, "ನಾನು ನಿನ್ನ ಹೆತ್ತಿಲ್ಲ ಅಂತಾರಾ ಮಗಾ ಅವ್ರು?" ಅಂದಳು.

ಆ ಅರ್ಜಿ ಕೊನೆಗೆ ತಿರಸ್ಕಾರವಾಯಿತು. 535 ಡಾಲರ್ ಶುಲ್ಕ ಹೋಯಿತು, ಅದಕ್ಕಿಂತ ಜಾಸ್ತಿ, ಎರಡು ವರ್ಷ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅರಸೀಕೆರೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಇವತ್ತಿಗೂ ಒಬ್ಬಳೇ. ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕುವವರು ನಮ್ಮ ತಪ್ಪನ್ನು ಮತ್ತೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಹೆಸರುಗಳನ್ನು ಬದಲಿಸಿದ್ದೇನೆ. ಗೊಂದಲ ಮಾತ್ರ ನಡೆದ ಹಾಗೆಯೇ ಇದೆ.

ಅಮ್ಮನ ತವರಿನ ಹೆಸರು ಪುಟ್ಟತಾಯಮ್ಮ. 1979ರಲ್ಲಿ ಮದುವೆಯಾಗಿ ಬಂದರೆ ಅತ್ತೆಯ ಹೆಸರೂ ಪುಟ್ಟತಾಯಮ್ಮ. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಕೂಗುವುದು ಹೇಗೆ? ಮನೆಯವರು ಅವಳನ್ನು ಗೌರಮ್ಮ ಅಂತ ಕರೆದರು. ಹಳೇ ಮೈಸೂರಿನ ಕಡೆ ಇಂಥ ಮನೆಗಳು ಎಷ್ಟೋ ಇವೆ. ಅಲ್ಲಿಂದ ಮುಂದೆ ರೇಷನ್ ಕಾರ್ಡ್, ವೋಟರ್ ಐಡಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಗೌರಮ್ಮ. ಯಾವ ಕಚೇರಿಯಲ್ಲೂ ಯಾರೂ ಏನೂ ಕೇಳಲಿಲ್ಲ.

1981ರಲ್ಲಿ ನಾನು ಹುಟ್ಟಿದೆ. ಚೊಚ್ಚಲ ಹೆರಿಗೆ, ತಿಪಟೂರು ಕಡೆಯ ಹಳ್ಳಿಯಲ್ಲಿ, ತವರುಮನೆಯಲ್ಲೇ ಆಯಿತು. ಗ್ರಾಮ ಲೆಕ್ಕಿಗರ ಹತ್ತಿರ ಹೋಗಿ ಜನನ ಬರೆಸಿದವರು ತಾತ. ಅವರಿಗೆ ಮಗಳು ಪುಟ್ಟತಾಯಿಯೇ ಅಲ್ವಾ? ಅದನ್ನೇ ಹೇಳಿದರು. ಹಾಗಾಗಿ ನನ್ನ ಜನನ ಪ್ರಮಾಣಪತ್ರದಲ್ಲಿ ತಾಯಿ ಪುಟ್ಟತಾಯಮ್ಮ. ಇದರಲ್ಲಿ ಯಾರ ಸುಳ್ಳೂ ಇಲ್ಲ. ತಾತ ಹೇಳಿದ್ದೂ ನಿಜ, ರೇಷನ್ ಕಾರ್ಡಿನಲ್ಲಿ ಬರೆದದ್ದೂ ನಿಜ.

ಅಮೆರಿಕದ ಪೌರತ್ವ ಇದ್ದು 21 ವರ್ಷ ತುಂಬಿದ್ದರೆ ತಾಯಿಗೋಸ್ಕರ ಐ-130 ಎಂಬ ಅರ್ಜಿ ಹಾಕಬಹುದು. ಅದರ ಜೊತೆ ಕೊಡುವ ಮುಖ್ಯ ಕಾಗದ ತಾಯಿಯದಲ್ಲ, ನಮ್ಮದು. ನಮ್ಮ ಹೆಸರೂ ತಾಯಿಯ ಹೆಸರೂ ಇರುವ ಜನನ ಪ್ರಮಾಣಪತ್ರ. ಅಪ್ಪನಿಗೆ ಹಾಕುವುದಾದರೆ ಅವರ ಮದುವೆಯ ದಾಖಲೆಯೂ ಬೇಕು. ಅಂದರೆ ಇಡೀ ಅರ್ಜಿ ನಿಲ್ಲುವುದು ಆ ಒಂದು ಹೆಸರಿನ ಮೇಲೆ. ತಾಯಿಯ ವಿವರ ಕೇಳುವ ಭಾಗದಲ್ಲಿ ಒಂದು ಪ್ರಶ್ನೆ ಇದೆ: ಬಳಸಿದ ಬೇರೆ ಹೆಸರುಗಳು ಯಾವುವು? ತವರಿನ ಹೆಸರು, ಕರೆಯುವ ಹೆಸರು, ಎಲ್ಲವನ್ನೂ ಬರೆಯುವ ಜಾಗ ಅದು. ನಾವು ಅದನ್ನು ಖಾಲಿ ಬಿಟ್ಟೆವು.

ಮರೆತು ಬಿಟ್ಟದ್ದಲ್ಲ. ಊರಿನ ಕಡೆಯ ಕಾಗದಪತ್ರ ನೋಡಿಕೊಳ್ಳಲು ಬೆಂಗಳೂರಿನಲ್ಲಿ ಒಬ್ಬ ಕನ್ಸಲ್ಟೆಂಟ್ ಹಿಡಿದಿದ್ದೆ. ಎರಡು ಹೆಸರಿನ ವಿಷಯವನ್ನು ನಾನೇ ಅವರಿಗೆ ಹೇಳಿದೆ. "ಸರ್, ಇನ್ನೊಂದು ಹೆಸರು ಅಂತ ಬರೆದರೆ ಸುಮ್ನೆ ಅನುಮಾನ ಬರುತ್ತೆ. ಕೇಳಿದರೆ ಆಗ ಒಂದು ನೋಟರಿ ಅಫಿಡವಿಟ್ ಕೊಟ್ಟರಾಯ್ತು" ಎಂದರು. ನಾನು ಒಪ್ಪಿದೆ. ಒಪ್ಪಬಾರದಿತ್ತು. ಅರ್ಜಿಗೆ ಸಹಿ ಹಾಕಿದವನು ನಾನು, ಅವರಲ್ಲ.

ಪುರಾವೆ ಕೇಳಿ ಬರುವ ಕಾಗದಕ್ಕೆ ಇಲ್ಲಿ ಆರ್‌ಎಫ್‌ಇ ಅಂತಾರೆ. ಉತ್ತರ ಕೊಡಲು ಹೆಚ್ಚೆಂದರೆ 84 ದಿನ, ಅಂಚೆಯಲ್ಲಿ ಬಂದಿದ್ದರೆ ಇನ್ನು 3 ದಿನ. ಗಡುವು ಮುಂದಕ್ಕೆ ಹಾಕುವುದಿಲ್ಲ. ಇನ್ನೂ ಮುಖ್ಯವಾದದ್ದು, ಉತ್ತರಕ್ಕೆ ಇರುವುದು ಒಂದೇ ಅವಕಾಶ. ಈಗ ಸ್ವಲ್ಪ ಕಳಿಸಿ ಉಳಿದದ್ದನ್ನು ಆಮೇಲೆ ಕಳಿಸುತ್ತೇನೆ ಎನ್ನುವ ಹಾಗಿಲ್ಲ. ಎಷ್ಟು ಕೊಟ್ಟಿರುತ್ತೀರೋ ಅಷ್ಟರ ಮೇಲೆ ತೀರ್ಮಾನ. ಇದು ನನಗೆ ಗೊತ್ತಿರಲಿಲ್ಲ. ಸಾಲದಿದ್ದರೆ ಮತ್ತೆ ಕೇಳುತ್ತಾರೆ ಅಂದುಕೊಂಡು ಕನ್ಸಲ್ಟೆಂಟ್ ಮಾಡಿಸಿಕೊಟ್ಟ ಅಫಿಡವಿಟ್ ಒಂದನ್ನೇ ಕಳಿಸಿಬಿಟ್ಟೆ.

ಆ ಅಫಿಡವಿಟ್ಟನ್ನು ಕಳಿಸುವ ಮೊದಲು ಸರಿಯಾಗಿ ಓದಿದ್ದರೂ ಸಾಕಾಗಿತ್ತು. ಸಿದ್ಧ ನಮೂನೆಯಲ್ಲಿ ಹೆಸರು ತುಂಬಿಸಿದ್ದು. "ನಾನು ನನ್ನ ಹೆಸರನ್ನು ಪುಟ್ಟತಾಯಮ್ಮ ಎಂಬುದರಿಂದ ಗೌರಮ್ಮ ಎಂದು ಬದಲಾಯಿಸಿಕೊಂಡಿರುತ್ತೇನೆ" ಎಂದು ಅದರಲ್ಲಿತ್ತು. ಅಮ್ಮ ಯಾವತ್ತೂ ಹೆಸರು ಬದಲಾಯಿಸಿಕೊಂಡವಳಲ್ಲ. ಎರಡು ಮನೆಯಲ್ಲಿ ಎರಡು ಹೆಸರಿನಿಂದ ಕರೆಸಿಕೊಂಡವಳು. "ಬದಲಾಯಿಸಿಕೊಂಡೆ" ಎಂದ ಕೂಡಲೇ ಎಂದು, ಯಾವ ಗೆಜೆಟ್‌ನಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಇಲ್ಲದ ತೊಡಕನ್ನು ನಾವೇ ಬರೆದುಕೊಟ್ಟ ಹಾಗಾಯಿತು. 2023ರಲ್ಲಿ ಬರೆದ ಕಾಗದ 1981ರ ಮಾತು ಹೇಳುತ್ತಿತ್ತು, ಅದನ್ನು ಎತ್ತಿ ಹಿಡಿಯಲು ಹಳೆಯ ಕಾಗದ ಒಂದೂ ಜೊತೆಯಲ್ಲಿರಲಿಲ್ಲ. ತಿರಸ್ಕಾರದ ಪತ್ರದಲ್ಲೂ ಅದೇ ಇತ್ತು. ಅರ್ಜಿಯಲ್ಲಿ ಇನ್ನೊಂದು ಹೆಸರು ತಿಳಿಸಿಲ್ಲ ಎಂಬ ಮಾತೂ ಇತ್ತು.

ಇದರ ನಡುವೆ ಇನ್ನೊಂದು ನಡೆಯಿತು. ಜನನ ಪತ್ರದ ವಿಷಯ ವಿಚಾರಿಸಲು ಹೋದ ನನ್ನ ತಮ್ಮನಿಗೆ (ಚಿಕ್ಕಪ್ಪನ ಮಗ) ಮಧ್ಯವರ್ತಿಯೊಬ್ಬ ಸಿಕ್ಕಿ, ತಾಯಿಯ ಹೆಸರು ಗೌರಮ್ಮ ಅಂತಲೇ ಇರುವ ಹೊಸ ಜನನ ಪತ್ರ ತಂದುಕೊಡುತ್ತೇನೆ, ಇಷ್ಟು ದುಡ್ಡು ಆಗುತ್ತೆ ಎಂದನಂತೆ. ತಮ್ಮ ಫೋನ್ ಮಾಡಿ, "ಅಣ್ಣಾ, ಮಾಡಿಸಿಬಿಡಲಾ?" ಎಂದು ಕೇಳಿದ. ಬೇಡ ಅಂದೆ. ದಯವಿಟ್ಟು ನೀವೂ ಬೇಡ ಅನ್ನಿ. ಹಳೆಯ ಪ್ರತಿ ಆಗಲೇ ವಲಸೆ ಇಲಾಖೆಯ ಫೈಲಿನಲ್ಲಿದೆ. ಸುಳ್ಳು ದಾಖಲೆ ಕೊಟ್ಟದ್ದು ಸಾಬೀತಾದರೆ ಅಮೆರಿಕದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ತಾಯಿಯನ್ನು ಹತ್ತಿರ ಕರೆಸಿಕೊಳ್ಳಲು ಹೊರಟು ಅವಳ ಹೆಸರಿಗೇ ಆ ಕಳಂಕ ಹಚ್ಚುವುದು ಬೇಡ.

ತಿರಸ್ಕಾರವಾದ ಮೇಲೆ ವಲಸೆ ವಕೀಲರೊಬ್ಬರನ್ನು ಕಂಡೆ. ಅವರು ಫೈಲನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು. ಈ ಅರ್ಜಿಯ ಯೋಚನೆಯೇ ಇಲ್ಲದ ಕಾಲದಲ್ಲಿ, ಬೇರೆ ಯಾವುದೋ ಕೆಲಸಕ್ಕೆ ಬರೆದ, ಎರಡೂ ಹೆಸರು ಇರುವ ಕಾಗದ ಏನಾದರೂ ಇದೆಯಾ? ಇಲ್ಲ ಅಂದೆ. ನಿಜ ಹೇಳಬೇಕೆಂದರೆ ನಾನು ಹುಡುಕಿಯೇ ಇರಲಿಲ್ಲ.

2024ರ ಜನವರಿಯಲ್ಲಿ ಊರಿಗೆ ಹೋದೆ. ಅಟ್ಟದ ಮೇಲಿದ್ದ ಅಪ್ಪನ ಟ್ರಂಕು ಇಳಿಸಿ ಎರಡು ದಿನ ಒಂದೊಂದೇ ಕಾಗದ ಬಿಡಿಸಿ ನೋಡಿದೆವು. ಮೊದಲು ಸಿಕ್ಕಿದ್ದು ಲಗ್ನಪತ್ರಿಕೆ. ಚಿ. ಸೌ. ಪುಟ್ಟತಾಯಮ್ಮ, ಪಕ್ಕದಲ್ಲಿ ಅಪ್ಪನ ಹೆಸರು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದಳು. ಎರಡನೇ ದಿನ ಸಂಜೆ, ಜಮೀನಿನ ಕಾಗದಗಳ ಮಧ್ಯೆ, 1998ರ ಹಕ್ಕು ಖುಲಾಸೆ ಪತ್ರ ಸಿಕ್ಕಿತು. ತಾತನ ಆಸ್ತಿ ಭಾಗವಾದಾಗ ಅಮ್ಮ ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ್ದ ಪತ್ರ. ಅದರ ಮೊದಲ ಪುಟದಲ್ಲೇ ಇತ್ತು: "ಗೌರಮ್ಮ ಉರುಫ್ ಪುಟ್ಟತಾಯಮ್ಮ". ಜೊತೆಗೆ ತಂದೆಯ ಹೆಸರು, ಗಂಡನ ಹೆಸರು, ಎರಡೂ ಊರು.

ಉರುಫ್ ಎಂಬ ಆ ಒಂದು ಮಾತಿಗಾಗಿ ನಾವು ಎರಡು ವರ್ಷ ಅಲೆದಿದ್ದೆವು. ಅದನ್ನು ಬರೆದ ಪತ್ರ ಬರಹಗಾರರು ಯಾರೋ ಗೊತ್ತಿಲ್ಲ. ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು. ಇಂಥ ಪತ್ರ ನಿಮ್ಮ ಮನೆಯಲ್ಲೂ ಇರಬಹುದು. ಭಾಗಪತ್ರ, ಕ್ರಯಪತ್ರ, ಖುಲಾಸೆ ಪತ್ರ, ಹಳೆಯ ಸಾಲದ ಕಾಗದ, ಎಲ್ಲವನ್ನೂ ತೆಗೆದು ನೋಡಿ. ಮನೆಯಲ್ಲಿ ಇಲ್ಲದಿದ್ದರೆ ನೋಂದಣಿಯಾದ ಪತ್ರದ ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪಡೆಯಬಹುದು.

ಇನ್ನೊಂದು ಪುರಾವೆ ಅಮೆರಿಕದಲ್ಲಿ ನನ್ನ ಬೀರುವಿನಲ್ಲೇ ಇತ್ತು. ಪೌರತ್ವ ಬಂದ ಮೇಲೆ ರದ್ದಾಗಿ ವಾಪಸ್ ಬಂದ ನನ್ನ ಹಳೆಯ ಭಾರತೀಯ ಪಾಸ್‌ಪೋರ್ಟ್. ಅದರ ಕೊನೆಯ ಪುಟದಲ್ಲಿ ತಾಯಿಯ ಹೆಸರು ಗೌರಮ್ಮ ಅಂತಿದೆ. ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಇದರ ಜೊತೆಗೆ ಅಮ್ಮ ಓದಿದ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು, ನಾಡಕಚೇರಿಯಲ್ಲಿ ಅರ್ಜಿ ಹಾಕಿ ಮಾಡಿಸಿದ ವಂಶವೃಕ್ಷ, ಸೋದರಮಾವನದೊಂದು ಮತ್ತು ಹೆರಿಗೆಯ ದಿನ ಮನೆಯಲ್ಲಿದ್ದ ಪಕ್ಕದ ಮನೆಯ ಅಜ್ಜಿಯದೊಂದು ಅಫಿಡವಿಟ್ ಸೇರಿಸಿದೆವು. ಈ ಸಲದ ಅಫಿಡವಿಟ್ಟುಗಳಲ್ಲಿ ಸಿದ್ಧ ನಮೂನೆ ಇಲ್ಲ. ಅವರು ಅಮ್ಮನಿಗೆ ಏನಾಗಬೇಕು, 1981ರಲ್ಲಿ ಎಲ್ಲಿದ್ದರು, ಏನನ್ನು ಕಣ್ಣಾರೆ ನೋಡಿದರು, ಎರಡು ಹೆಸರು ಹೇಗೆ ಬಂತು ಎಂಬುದನ್ನು ಅವರ ಮಾತಿನಲ್ಲೇ ಬರೆಸಿದೆವು. ಡಿಎನ್‌ಎ ಪರೀಕ್ಷೆಯ ದಾರಿಯೂ ಇದೆ, ಆದರೆ ವಲಸೆ ಇಲಾಖೆ ಒಪ್ಪುವ ಲ್ಯಾಬ್ ಮೂಲಕವೇ ಆಗಬೇಕು, ಅದು ಕೊನೆಗೆ ಇರಲಿ ಎಂದು ವಕೀಲರು ಹೇಳಿದರು. ಅಮ್ಮನಿಗೆ ಆ ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ.

ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಿದೆ ಎಂದು ಅನುವಾದಕರು ಸಹಿ ಹಾಕಿ ಕೊಡಬೇಕು. ಇಲ್ಲೂ ನಾವು ಮತ್ತೆ ಎಡವುವುದರಲ್ಲಿದ್ದೆವು. ಬೇರೆ ಬೇರೆಯವರಿಗೆ ಕೊಟ್ಟಿದ್ದರಿಂದ ಪುಟ್ಟತಾಯಮ್ಮ ಒಂದು ಕಡೆ ತಕಾರದ ಮುಂದೆ ಎಚ್ ಸೇರಿಸಿಕೊಂಡು ಬಂತು, ಇನ್ನೊಂದು ಕಡೆ ಎಚ್ ಇಲ್ಲದೆ. ಒಬ್ಬರಂತೂ ಪಹಣಿಯ "ಕೋಂ" ಎಂಬುದನ್ನು ಹೆಸರಿನ ಭಾಗ ಅಂದುಕೊಂಡು ಹಾಗೇ ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿದ್ದರು. ಕೋಂ ಅಂದರೆ ಹೆಂಡತಿ, ಬಿನ್ ಅಂದರೆ ಮಗ ಎಂದು ಈಗಿನವರಿಗೆ ಗೊತ್ತಿರುವುದಿಲ್ಲ. ಅದು ಹಾಗೇ ಹೋಗಿದ್ದರೆ ಅಮ್ಮನಿಗೆ ಮೂರನೆಯ ಹೆಸರು ಹುಟ್ಟುತ್ತಿತ್ತು. ಎಲ್ಲ ಅನುವಾದವನ್ನೂ ಒಬ್ಬರ ಹತ್ತಿರವೇ ಮಾಡಿಸಿ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನು ಮೊದಲೇ ಅವರಿಗೆ ಬರೆದುಕೊಡಿ.

ಅಕ್ಷರದ ವ್ಯತ್ಯಾಸ ನಮ್ಮ ಕಡೆ ಯಾರನ್ನೂ ಬಿಟ್ಟಿಲ್ಲ. ಗೌ ಎಂಬುದನ್ನು ಮೂರು ಥರ ಬರೆಯುತ್ತಾರೆ. ಬಳ್ಳಾರಿ, ಹುಬ್ಬಳ್ಳಿ ಕಡೆಯ ಲಕ್ಷ್ಮಿಗೆ ಎಕ್ಸ್ ಬಂದರೆ ಮೈಸೂರು ಕಡೆಯ ಲಕ್ಷ್ಮಿಗೆ ಕೆ ಮತ್ತು ಎಸ್ ಬರುತ್ತದೆ. ಇಂಥವನ್ನೂ ಬೇರೆ ಹೆಸರುಗಳ ಕಾಲಂನಲ್ಲಿ ಬರೆದುಬಿಡಿ. ಹಾಗೆಯೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ಗಮನಿಸಿ. ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದು ಡ್ರೈವಿಂಗ್ ಲೈಸೆನ್ಸಿನವರೆಗೂ ಬೆನ್ನು ಬಿಡುವುದಿಲ್ಲ. ಹೊರಡುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಅರ್ಜಿ ಹಾಕಿದ ಮೇಲೆ ನಡುವೆ ಕೈ ಹಾಕಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವನದಲ್ಲಿ ಎರಡೇ ಸಲ ಅವಕಾಶ, ಗಾಬರಿಯಲ್ಲಿ ಅದನ್ನೂ ಕಳೆದುಕೊಳ್ಳಬೇಡಿ.

ನಮ್ಮ ಫೈಲಿನಲ್ಲಿ ಇನ್ನೊಂದು ಮುಳ್ಳಿತ್ತು. 2014ರಲ್ಲಿ ಅಮ್ಮ ಪ್ರವಾಸಿ ವೀಸಾದಲ್ಲಿ ಬಂದಿದ್ದಳು. ಆಗ ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿದ ಟ್ರಾವೆಲ್ ಏಜೆಂಟ್ ಬೇರೆ ಹೆಸರು ಇದೆಯೇ ಎಂಬುದಕ್ಕೆ ಇಲ್ಲ ಎಂದು ಒತ್ತಿದ್ದರು. ಅಮ್ಮನನ್ನು ಕೇಳಿಯೂ ಇರಲಿಲ್ಲ. ಎರಡನೆಯ ಅರ್ಜಿಯ ಜೊತೆ ಕೊಟ್ಟ ವಿವರಣೆಯಲ್ಲಿ ಅದನ್ನೂ ನಾವೇ ಮೊದಲು ಹೇಳಿದೆವು.

2024ರ ಏಪ್ರಿಲ್ ಹೊತ್ತಿಗೆ ಶುಲ್ಕ ಏರಿತ್ತು. ಆನ್‌ಲೈನ್‌ನಲ್ಲಿ 625 ಡಾಲರ್ ಕಟ್ಟಿ ಮತ್ತೆ ಅರ್ಜಿ ಹಾಕಿದೆವು. ಈ ಸಲ ಎರಡೂ ಹೆಸರು, ಎಲ್ಲ ಕಾಗದ, ಒಂದೇ ಸಲಕ್ಕೆ. 2025ರಲ್ಲಿ ಒಪ್ಪಿಗೆ ಬಂತು. ಆರ್‌ಎಫ್‌ಇ ಬರಲೇ ಇಲ್ಲ. ಮುಂದಿನ ಹಂತಕ್ಕೆ ಅಮ್ಮನ ಸ್ವಂತ ಜನನ ದಾಖಲೆ ಬೇಕು. ಅವಳು ಹುಟ್ಟಿದ್ದು 1960ರಲ್ಲಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಹಾಗಾಗಿ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ ತಂದೆವು. ಎರಡೂ ಹೆಸರಿನಲ್ಲಿ ಹುಡುಕಿ ಕೊಡಿ ಎಂದು ಕೇಳಿ ತಂದೆವು.

ಚಿಕ್ಕ ಮಕ್ಕಳಿರುವವರಿಗೂ ಒಂದು ಮಾತು. ಆಸ್ಪತ್ರೆಯಲ್ಲಿ ಜನನದ ಫಾರಂ ತುಂಬುವಾಗ ಅಪ್ಪ ಅಮ್ಮನ ಹೆಸರನ್ನು ಅವರವರ ಪಾಸ್‌ಪೋರ್ಟ್ ಅಥವಾ ಆಧಾರ್ ನೋಡಿಕೊಂಡು ಬರೆಸಿ, ಬಾಯಿಮಾತಿನಲ್ಲಿ ಹೇಳಬೇಡಿ. ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಬೇಗ ಸೇರಿಸಿ. 12 ತಿಂಗಳೊಳಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ನನ್ನ ತಂಗಿಯ ಪತ್ರದಲ್ಲಿ ಆ ಜಾಗ ಖಾಲಿಯಾಗಿಯೇ ಉಳಿದು ಅವಳು ಪಟ್ಟ ಪಾಡು ಇನ್ನೊಂದು ಕತೆ.

ಮುಂಬೈ ಕಾನ್ಸುಲೇಟಿನ ಸಂದರ್ಶನದ ದಿನಾಂಕಕ್ಕೆ ಕಾಯುತ್ತಿದ್ದೇವೆ. ಖುಲಾಸೆ ಪತ್ರವನ್ನು ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರಮನೆಯಲ್ಲಿ ಇಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅಲ್ಲಿ ಹೆಸರು ಕೇಳಿದರೆ ಯಾವುದು ಹೇಳಲಿ ಮಗಾ?" ಅಂದಳು. ಪಾಸ್‌ಪೋರ್ಟಿನದು ಮೊದಲು ಹೇಳು, ಆಮೇಲೆ ತಾತ ಇಟ್ಟದ್ದನ್ನೂ ಹೇಳು ಅಂದೆ.