ನಿಂತೇ ಕೆಲಸ ಮಾಡುವವರಿಗೆ ಎಂಸಿಆರ್ ಚಪ್ಪಲಿ, ನನಗಂತೂ ಉಪಕಾರ ಆಯ್ತು

ಕಾಸರಗೋಡಲ್ಲಿ ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗೆ ನಿಲ್ಲುವವಳು ನಾನು, ಹಳೆ ಬಸ್‌ಸ್ಟ್ಯಾಂಡ್ ಹತ್ರದ ಒಂದು ಅಂಗಡಿಯಿಂದ ಎಂಸಿಆರ್ ಚಪ್ಪಲಿ ತಗೊಂಡೆ, ನಮ್ಮ ಹಾಗೆ ನಿಂತೇ ದುಡಿಯುವವರು ತುಂಬ ಜನ ಉಂಟಲ್ಲ, ಅವರಿಗಾಗಿ ಬರೀತಿದ್ದೇನೆ. ಎಂಸಿಆರ್ ಅಂದ್ರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ಮೆತ್ತಗಿನ ರಬ್ಬರ್, ಶುಗರ್‌ನವರಿಗೆ ಡಾಕ್ಟ್ರು ಹೇಳುದೂ ಇದನ್ನೇ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಗೆ ಮುಳ್ಳು ಹೊಕ್ಕ ಹಾಗೆ ಆಗ್ತಿತ್ತು, ಪಾದದಡಿಯ ನಾರು ರಾತ್ರಿ ಬಿಗಿದುಕೊಂಡು ಬೆಳಿಗ್ಗೆ ಎಳೆದಾಗ ಬರುವ ನೋವು ಅದು, ಈಗ ಸುಮಾರು ಕಮ್ಮಿ ಉಂಟು. ಪೂರ್ತಿ ಹೋಗ್ಲಿಲ್ಲ, ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮವೂ ಮಾಡ್ತೇನೆ.

ಆದ್ರೆ ಚಪ್ಪಲಿ ಒಂದರಿಂದಲೇ ಆಗುದಿಲ್ಲ ಅಕ್ಕಂದಿರೇ, ಮಧ್ಯೆ ಮಧ್ಯೆ ಕೂರ್ಲೇಬೇಕು. ಕೇರಳದಲ್ಲಿ 2018ರಲ್ಲೇ ಕಾನೂನು ತಿದ್ದಿ ಅಂಗಡಿ ಕೆಲಸದವರಿಗೆ ಕೂರ್ಲಿಕ್ಕೆ ಸೀಟು ಕೊಡ್ಬೇಕು ಅಂತ ಮಾಡಿದ್ದಾರೆ, ಸ್ಟೂಲ್ ಇಲ್ಲದಿದ್ರೆ ಧೈರ್ಯವಾಗಿ ಕೇಳಿ.

ಅಂಗಡಿಯವರು ಒಳ್ಳೆ ಜನ, ಎರಡೂ ಕಾಲಿಗೆ ಹಾಕಿಸಿ ನಡೆಸಿ ನೋಡಿಯೇ ಕೊಟ್ರು, ಅವಸರ ಮಾಡ್ಲಿಲ್ಲ. ಕಪ್ಪು, ಕಂದು ಬಿಟ್ರೆ ಬೇರೆ ಬಣ್ಣ ಇಲ್ಲ. ನಿಮ್ಮ ಸೈಜ್ ಇಲ್ಲದಿದ್ರೆ ಹೇಳಿಡಿ, ತರಿಸಿ ಕೊಡ್ತಾರೆ.